ತಬಲ ಮೇಷ್ಟ್ರಿಗೊಂದು ಸಬ್‌ವೂಫರ್

ಮದುವೆ ಸೀಸನ್ ಮುಗಿಯುವ ಹೊತ್ತಿಗೆ ನನಗೆ ಯಾವ ಸದ್ದೂ ಬೇಡವಾಗಿರುತ್ತದೆ. ಚಿತ್ರದುರ್ಗದಲ್ಲಿ ನನ್ನದು ಆಂಪ್ಲಿಫೈಯರ್, ಸ್ಪೀಕರ್ ರಿಪೇರಿ ಮಾಡುವ ಚಿಕ್ಕ ಅಂಗಡಿ. ಆ ಬೇಸಿಗೆಯಲ್ಲಿ ಸುಟ್ಟುಹೋದ ಕಾಯಿಲ್‌ಗಳನ್ನು ಸುತ್ತಿ ಸುತ್ತಿ ಬೆರಳು ಮರಗಟ್ಟಿದ್ದವು, ಸೊಂಟ ಹಿಡಿದುಕೊಂಡಿತ್ತು. ಒಂದಷ್ಟು ದಿನ ಬಾಗಿಲು ಹಾಕಿ ಮಲಗಿಬಿಡೋಣ ಅಂದುಕೊಂಡಿದ್ದಾಗಲೇ ಶ್ರೀರಾಂಪುರದಿಂದ ಫೋನ್ ಬಂತು.

"ಮನೆ ಸ್ಟೀರಿಯೋಗೆ ಒಂದು ಸಬ್‌ವೂಫರ್ ಹಾಕಿಸಬೇಕಿತ್ತು. ಕಮ್ಮಿ ರೇಟಿಂದು. ನಮ್ಮ ಮಾವನೋರಿಗೆ" ಎಂದಿತು ಒಂದು ಹೆಣ್ಣು ದನಿ. ಆ ದನಿಯೂ ನನ್ನಷ್ಟೇ ದಣಿದಿತ್ತು. ಆಗುವುದಿಲ್ಲ ಅನ್ನಲು ನಾನು ಕಾರಣ ಹುಡುಕುತ್ತಿರುವಾಗ ಆಕೆ, "ನೀವು ಬಂದು ನೋಡ್ರಿ ಸಾಕು. ಬ್ಯಾಡ ಅನ್ಸಿದ್ರೆ ಅವರಿಗೇ ಹೇಳ್ರಿ. ನನ್ನ ಮಾತು ಕೇಳಲ್ಲ ಅವರು" ಎಂದಳು. ಬೇಡ ಎಂದು ಹೇಳಲಿಕ್ಕಾದರೂ ಹೋಗಬೇಕಾಯಿತು.

ಹೊಸದುರ್ಗದಲ್ಲಿ ಬಸ್ಸು ಬದಲಿಸಿ ಶ್ರೀರಾಂಪುರಕ್ಕೆ ಇಳಿದಾಗ ಬಿಸಿಲು ನೆತ್ತಿಯ ಮೇಲಿತ್ತು. ಮನೆ ಚಿಕ್ಕದು: ಮುಂದೆ ಒಂದು ಕೋಣೆ, ಪಕ್ಕದಲ್ಲಿ ಮಲಗುವ ಕೋಣೆ, ಹಿಂದೆ ಅಡುಗೆ ಮನೆ. ಮುಂದಿನ ಕೋಣೆಯ ಬೆತ್ತದ ಕುರ್ಚಿಯಲ್ಲಿ ಎಪ್ಪತ್ತು ದಾಟಿದ ಒಬ್ಬ ಹಿರಿಯರು ಕೂತಿದ್ದರು. ಎಡಗೈ ತೊಡೆಯ ಮೇಲೆ ಬೇರೆ ಯಾರದೋ ಕೈಯಂತೆ ಮಲಗಿತ್ತು. ಲಕ್ವ ಹೊಡೆದು ಎರಡು ವರ್ಷವಾಯಿತೆಂದು ಸೊಸೆ ಹೇಳಿದಳು. ಫೋನ್ ಮಾಡಿದ್ದವಳು ಇವಳೇ. ಹೊಸದುರ್ಗದ ಆಸ್ಪತ್ರೆಯೊಂದರಲ್ಲಿ ನರ್ಸು, ಬಹುಪಾಲು ರಾತ್ರಿ ಪಾಳಿ. ಗಂಡ ಲಾರಿ ಮೇಲೆ ಹೊರಟರೆ ವಾರಗಟ್ಟಲೆ ಮನೆಯಲ್ಲಿರುತ್ತಿರಲಿಲ್ಲ.

"ಬರ್ರಿ, ಕುಂತ್ಕಳ್ರಿ. ಸೌಂಡಿನೋರು ಅಂದ್ರೆ ಗಂಡಸ್ರು ಬರ್ತಾರೆ ಅನ್ಕಂಡಿದ್ದೆ" ಎಂದರು ಹಿರಿಯರು.

"ಗಂಡಸ್ರಿಗೆ ಹೇಳಿ ಕಳಿಸಲಾ?"

"ಬ್ಯಾಡ ಬ್ಯಾಡ. ಕಿವಿ ಐತಲ್ಲ ನಿಮಗೆ, ಸಾಕು."

ಅವರು ನಾಟಕ ಕಂಪನಿಗಳಲ್ಲಿ ತಬಲ ಬಾರಿಸಿದವರು. ಊರೆಲ್ಲ ಅವರನ್ನು ತಬಲ ಮೇಷ್ಟ್ರು ಎನ್ನುತ್ತಿತ್ತು. ಎದುರಿನ ಗೂಡಿನಲ್ಲಿ ಹಳೆಯ ಸ್ಟೀರಿಯೋ ಆಂಪ್ಲಿಫೈಯರ್, ಅದರ ಎರಡು ಬದಿಗೆ ಇಟ್ಟಿಗೆಯಷ್ಟೆತ್ತರದ ಎರಡು ಸ್ಪೀಕರುಗಳು. ಮೇಷ್ಟ್ರು ಬಲಗೈಯಿಂದ ಪೆನ್‌ಡ್ರೈವ್ ಚುಚ್ಚಿ ಒಂದು ನಾಟಕದ ಹಾಡು ಹಾಕಿದರು. ಹೆಣ್ಣು ಧ್ವನಿ, ಹಾರ್ಮೋನಿಯಂ, ಹಿಂದೆ ಚಟಪಟನೆ ತಬಲ.

"ಕೇಳ್ರಿ. ನಾನು ಧಾ ಅಂತ ಬಾರಿಸಿದ್ದೆಲ್ಲ ನಾ ಅಂತ ಕೇಳ್ತೈತೆ."

ನನಗೆ ಅವರ ಮಾತು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ತಬಲದ ಜೋಡಿಯಲ್ಲಿ ಬಲಗೈಗೆ ಮರದ ತಬಲ, ಎಡಗೈಗೆ ಲೋಹದ ಡಗ್ಗಾ. ಬಲಗೈ ಒಂದೇ ಬಿದ್ದರೆ 'ನಾ'. ಅದರ ಜೊತೆಗೆ ಎಡಗೈಯೂ ಡಗ್ಗಾದ ಮೇಲೆ ಬಿದ್ದರೆ 'ಧಾ'. ಡಗ್ಗಾದ ಆ ತುಂಬು ನಾದ ಬಹಳ ಕೆಳಗಿನ ಸ್ಥಾಯಿಯದು. ಇಟ್ಟಿಗೆಯಷ್ಟೆತ್ತರದ ಸ್ಪೀಕರುಗಳಿಗೆ ಅಷ್ಟು ಕೆಳಗೆ ಇಳಿಯುವ ಶಕ್ತಿಯೇ ಇರುವುದಿಲ್ಲ. ಆ ಕೆಳಗಿನ ಸದ್ದಿಗೆಂದೇ ಇರುವ ದೊಡ್ಡ ಸ್ಪೀಕರು ಸಬ್‌ವೂಫರ್.

"ಈ ಕೈ ಹೋತು" ಎಂದು ಅವರು ತೊಡೆಯ ಮೇಲಿನ ಕೈ ನೋಡಿಕೊಂಡರು. "ಟೇಪಲ್ಲಾದ್ರೂ ಕೇಳಾಣ ಅಂದ್ರೆ ಅಲ್ಲೂ ಇಲ್ಲ. ನನ್ನ ಎಡಗೈ ಕೇಳಂಗೆ ಮಾಡಿಕೊಡ್ರಿ."

ಬೇಡ ಎಂದು ಹೇಳಲು ಹೋದವಳು ಆಯಿತು ಎಂದು ಬಂದೆ. ಎದ್ದು ಹೊರಡುವಾಗ ಸೊಸೆ ಬಾಗಿಲ ತನಕ ಬಂದು ಮೆಲ್ಲಗೆ ಹೇಳಿದಳು: "ನೋಡಿ ಹಾಕ್ರಿ ಮೇಡಂ. ನಾನು ಹಗಲು ಮಲಗೋದು ಈ ಪಕ್ಕದ ಕೋಣೇಲಿ."

ಆ ಮಾತನ್ನು ನಾನು ಇನ್ನೂ ಗಂಭೀರವಾಗಿ ತೆಗೆದುಕೊಳ್ಳಬೇಕಿತ್ತು.

ಮೊದಲು ಒಯ್ದದ್ದು ನನ್ನ ಅಂಗಡಿಯಲ್ಲೇ ಬಿದ್ದಿದ್ದ ಹತ್ತಿಂಚಿನ ಒಂದು ಡಬ್ಬ. ಮುಂದೆ ಗಾಳಿ ಹೊರಬರುವ ತೂತು ಇತ್ತು, ಸುತ್ತ ನೀಲಿ ದೀಪ ಇತ್ತು. ಅಗ್ಗದ ಹೋಮ್ ಥಿಯೇಟರ್ ಸೆಟ್ಟಿನಿಂದ ಬಿಚ್ಚಿದ್ದು. ಸಬ್‌ವೂಫರನ್ನು ಮೂಲೆಯಲ್ಲಿಟ್ಟರೆ ಎರಡು ಗೋಡೆಗಳೂ ಸೇರಿಕೊಂಡು ಸದ್ದನ್ನು ಹೆಚ್ಚಿಸುತ್ತವೆ. ಕಡಿಮೆ ಶಕ್ತಿಯ ಡಬ್ಬಕ್ಕೆ ಅದು ಒಳ್ಳೆಯದು ಎಂದು ಲೆಕ್ಕ ಹಾಕಿ ಮೂಲೆಗೆ ತಳ್ಳಿ, ವೈರು ಜೋಡಿಸಿ, ಪರೀಕ್ಷೆಗೆಂದು ನನ್ನ ಮೊಬೈಲಿನಿಂದ ತಬಲವಿರುವ ಒಂದು ಹಾಡು ಹಾಕಿದೆ.

ಕೋಣೆಯೆಲ್ಲ ಗುಡುಗಿತು. ಅಡುಗೆ ಮನೆಯ ಅಟ್ಟದ ಮೇಲಿನ ಸ್ಟೀಲ್ ಡಬ್ಬಿಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟಿದವು. ಪಕ್ಕದ ಕೋಣೆಯ ಬಾಗಿಲು ತೆರೆದು ಸೊಸೆ ಹೊರಬಂದಳು. ಆಗತಾನೇ ಕಣ್ಣು ಹತ್ತಿತ್ತೇನೋ, ಮುಖದ ಮೇಲೆ ದಿಂಬಿನ ಗೆರೆ ಮೂಡಿತ್ತು.

"ಆಸ್ಪತ್ರೇಲಿ ರಾತ್ರಿಯೆಲ್ಲ ಮಿಷಿನ್ನು ಕೂಗ್ತಾವೆ. ಮನೇಲಿ ಹಗಲೆಲ್ಲ ಹಿಂಗೆ ಧಬಧಬ ಅಂದ್ರೆ ನಾನು ಎಲ್ಲಿ ಮಲಗ್ಲಿ?" ಜೋರು ಮಾಡಲಿಲ್ಲ. ಜೋರು ಮಾಡುವಷ್ಟು ತ್ರಾಣವೂ ಆಕೆಯಲ್ಲಿದ್ದಂತೆ ಕಾಣಲಿಲ್ಲ.

ನಾನು ಆಫ್ ಮಾಡಿದೆ. ಮೇಷ್ಟ್ರು ಸೊಸೆಯ ಕಡೆ ನೋಡಲಿಲ್ಲ, ನನ್ನ ಕಡೆಗೂ ನೋಡಲಿಲ್ಲ. "ಗುಡುಗು ಬಂತು. ಎಡಗೈ ಬರಲಿಲ್ಲ" ಎಂದರು.

ಆ ಡಬ್ಬವನ್ನು ಮತ್ತೆ ಬಸ್ಸಿಗೆ ಹೊತ್ತು ಚಿತ್ರದುರ್ಗಕ್ಕೆ ತಂದೆ. ಇಂಥ ಅಗ್ಗದ ಡಬ್ಬಗಳ ಹಣೆಬರಹ ನನಗೆ ಗೊತ್ತಿದ್ದದ್ದೇ: ಯಾವ ಸ್ವರ ಕೊಟ್ಟರೂ ಒಂದೇ ಸ್ವರದಲ್ಲಿ ಗುಂಯ್‌ಗುಡುತ್ತವೆ. ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದಾಗ ಸ್ವರ ಕೆಳಗಿಂದ ಮೇಲಕ್ಕೆ ಬಾಗುತ್ತದಲ್ಲ, ಆ ಬಾಗು ಇವುಗಳಿಗೆ ಬರುವುದಿಲ್ಲ. ತೂತಿಲ್ಲದ, ಎಲ್ಲ ಕಡೆ ಮುಚ್ಚಿದ ಚಿಕ್ಕ ಡಬ್ಬ ಬೇಕಿತ್ತು. ಸದ್ದು ಕಮ್ಮಿ, ಆದರೆ ಸ್ವರ ಸ್ವಚ್ಛ. ಮನೆಯವರು ಖರ್ಚು ಮಾಡಬಲ್ಲಷ್ಟಕ್ಕೆ ಅಂಥದ್ದು ಹೊಸದಾಗಿ ಸಿಗುವ ಹಾಗಿರಲಿಲ್ಲ. ಹಳೆಯದನ್ನೇ ಹುಡುಕಬೇಕು.

ಹಾಗಾಗಿ ಹಿರಿಯೂರಿಗೆ ಹೋದೆ. ಹೆದ್ದಾರಿ ಪಕ್ಕದಲ್ಲಿ ಹಳೆಯ ಎಲೆಕ್ಟ್ರಾನಿಕ್ ಸಾಮಾನು ಮಾರುವವನೊಬ್ಬ ನನಗೆ ಪರಿಚಯ. ಬೆಂಗಳೂರಿನಲ್ಲಿ ಮನೆ ಖಾಲಿ ಮಾಡುವವರ ಸ್ಪೀಕರುಗಳು ಲಾರಿಗಟ್ಟಲೆ ಅವನ ಶೆಡ್ಡಿಗೆ ಬಂದು ಬೀಳುತ್ತವೆ. ಶೆಡ್ಡಿನ ತಗಡು ಕಾದು ಒಳಗೆ ಒಲೆಯಂತಿತ್ತು.

"ಇದು ತಗಳ್ರಿ ಮೇಡಂ, ಕಾರಿಂದು, ಹನ್ನೆರಡಿಂಚು. ಊರೇ ಅದುರ್ತೈತೆ" ಎಂದು ಆತ ಒಂದನ್ನು ಒದ್ದು ತೋರಿಸಿದ.

"ಊರು ಅದುರೋದು ಬ್ಯಾಡ. ಪಕ್ಕದ ಕೋಣೆ ಅದುರದೇ ಇರೋದು ಕೊಡಪ್ಪ."

"ಅದುರದೇ ಇರೋ ಸಬ್‌ವೂಫರ್ ಕೇಳಿದೋರು ನೀವೇ ಮೊದಲು" ಎಂದು ನಕ್ಕು, ಮೂಲೆ ತೋರಿಸಿ ಟೀ ಕುಡಿಯಲು ಹೋದ.

ಒಂದೊಂದನ್ನೇ ಎತ್ತಿ ನೋಡಿದೆ. ಹಗುರ ಅನಿಸಿದ್ದನ್ನು ಅಲ್ಲೇ ಬಿಟ್ಟೆ. ಒಳಗೆ ಆಯಸ್ಕಾಂತವೂ ಚಿಕ್ಕದು, ಮರವೂ ತೆಳು ಎಂದು ಅರ್ಥ. ಬೆರಳ ಗೆಣ್ಣಿನಿಂದ ಬದಿಗೆ ತಟ್ಟಿದರೆ ಟೊಳ್ಳು ಸದ್ದು ಬಂದವುಗಳನ್ನೂ ಬಿಟ್ಟೆ. ಉಳಿದವುಗಳಲ್ಲಿ ಸದ್ದು ಹೊರಡಿಸಲು ಅಲುಗುವ ಕಾಗದದ ಕೋನಿನ ಸುತ್ತ ಇರುವ ಫೋಮಿನ ಬಳೆಯನ್ನು ಒತ್ತಿ ನೋಡಿದೆ. ಒಂದರಲ್ಲಿ ಅದು ಹಳೆಯ ರಸ್ಕಿನಂತೆ ಪುಡಿಯಾಗಿ ಬೆರಳಿಗೆ ಅಂಟಿತು. ಕೊನೆಗೆ ಎಂಟಿಂಚಿನ ಒಂದು ಮುಚ್ಚಿದ ಡಬ್ಬ ಸಿಕ್ಕಿತು. ಬಳೆ ರಬ್ಬರಿನದು, ಗಟ್ಟಿಯಾಗಿತ್ತು. ಹಿಂದೆ ಸದ್ದು ಏರಿಸಿ ಇಳಿಸಲು ತಿರುಗಿಸುವ ಗುಬುಟು, ಯಾವ ಸ್ಥಾಯಿಯಿಂದ ಕೆಳಗೆ ಕೆಲಸ ಮಾಡಬೇಕೆಂದು ಗೊತ್ತುಮಾಡುವ ಗುಬುಟು, ಇದರ ಕೋನು ಉಳಿದ ಸ್ಪೀಕರುಗಳ ಜೊತೆಗೇ ಮುಂದೆ ಬರಬೇಕೋ ಅವುಗಳಿಗೆ ಎದುರಾಗಿಯೋ ಎಂದು ಬದಲಿಸುವ ಫೇಸ್ ಸ್ವಿಚ್ಚು, ಮೂರೂ ಇದ್ದವು. ಮೊಬೈಲಿನಿಂದ ಕೆಳಗಿಂದ ಮೇಲಕ್ಕೆ ನಿಧಾನ ಏರುವ ಒಂದು ನಾದ ಕೊಟ್ಟೆ. ಎಲ್ಲೂ ಉಬ್ಬದೆ, ಎಲ್ಲೂ ಮಾಯವಾಗದೆ, ಏಣಿ ಹತ್ತಿದಂತೆ ಹತ್ತಿತು. ಎಷ್ಟೋ ದಿನದ ಮೇಲೆ ಒಂದು ಸದ್ದು ಕಿವಿಗೆ ಹಿತವಾಗಿತ್ತು.

ಹಿರಿಯೂರಿನಿಂದ ಹೊಸದುರ್ಗಕ್ಕೆ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಹೋದೆ. ಬಸ್ಸಿನ ಪ್ರತಿ ಗುಂಡಿಯೂ ಡಬ್ಬದ ಮೂಲಕ ಮೊಣಕಾಲಿಗೆ ಇಳಿಯಿತು.

ಶ್ರೀರಾಂಪುರದಲ್ಲಿ ಈ ಸಲ ಅವಸರ ಮಾಡಲಿಲ್ಲ. ಸೊಸೆ ಎದ್ದಿರುವ ಹೊತ್ತು ನೋಡಿ ಹೋಗಿದ್ದೆ. ಡಬ್ಬವನ್ನು ಮೂಲೆಯಲ್ಲಿಡುವ ಬದಲು ಮೇಷ್ಟ್ರ ಕುರ್ಚಿಯ ಎಡಪಕ್ಕದಲ್ಲಿ, ಕೈಯಳತೆ ದೂರದಲ್ಲಿಟ್ಟೆ. ಕೇಳುವವರ ಹತ್ತಿರವಿದ್ದರೆ ಸದ್ದು ಕಮ್ಮಿ ಇಟ್ಟರೂ ಅವರಿಗೆ ಸಾಕಾಗುತ್ತದೆ. ಗೋಡೆಗೆ ತಲುಪುವುದು ಅಷ್ಟರಮಟ್ಟಿಗೆ ಕಮ್ಮಿ. ಅಡಿಗೆ ದಪ್ಪ ರಬ್ಬರಿನ ತುಂಡುಗಳನ್ನು ಕೊಟ್ಟೆ. ಸ್ಪೀಕರುಗಳು ಸೋಲುವ ಸ್ಥಾಯಿಯಿಂದ ಕೆಳಗೆ ಇದು ಎತ್ತಿಕೊಳ್ಳುವಂತೆ ಗುಬುಟು ತಿರುಗಿಸಿದೆ. ಫೇಸ್ ಸ್ವಿಚ್ಚನ್ನು ಅತ್ತಿತ್ತ ಮಾಡಿ, ಯಾವ ಕಡೆಗೆ ನಾದ ತುಂಬಿಕೊಳ್ಳುತ್ತದೋ ಆ ಕಡೆ ಬಿಟ್ಟೆ. ನನ್ನ ಮೊಬೈಲಿನಲ್ಲಿದ್ದ ಈಚಿನ ತಬಲ ವಾದನವೊಂದನ್ನು ಹಾಕಿದಾಗ ಡಗ್ಗಾ ಕೋಣೆಯ ಒಳಗೇ ಇದೆಯೇನೋ ಅನ್ನಿಸಿತು. ಮೇಷ್ಟ್ರು ಕುರ್ಚಿಯಲ್ಲಿ ನೆಟ್ಟಗಾದರು.

"ಹಾಂ. ಇದು ಡಗ್ಗಾ. ಯಾರಪ್ಪ ಇದು, ಒಳ್ಳೆ ಕೈ. ಈಗ ನಂದು ಹಾಕ್ರಿ."

ಹಾಕಿದೆ. ನಾ, ನಾ, ನಾ.

ಗುಬುಟು ಏರಿಸಿದೆ. ನಾ. ವೈರು ಬಿಚ್ಚಿ ಮತ್ತೆ ಹಾಕಿದೆ. ಡಬ್ಬದ ಕೋನಿನ ಮೇಲೆ ಬೆರಳಿಟ್ಟೆ. ಅದು ಅಲುಗಾಡುತ್ತಲೇ ಇರಲಿಲ್ಲ.

ಲ್ಯಾಪ್‌ಟಾಪ್ ತೆಗೆದು ಪೆನ್‌ಡ್ರೈವಿನ ಹಾಡನ್ನು ಗ್ರಾಫಿನಲ್ಲಿ ನೋಡಿದೆ. ಮೇಲೆಲ್ಲ ಬೆಟ್ಟ ಗುಡ್ಡದಂತಿದ್ದ ಗೆರೆ ಒಂದು ಜಾಗಕ್ಕೆ ಬಂದು, ಕತ್ತಿಯಿಂದ ಕಡಿದಂತೆ ನಿಂತುಬಿಟ್ಟಿತ್ತು. ಡಗ್ಗಾ ಇರಬೇಕಾದ ಕೆಳಗಿನ ಭಾಗ ಪೂರ್ತಿ ಖಾಲಿ. ಕ್ಯಾಸೆಟ್ಟಿನಿಂದ ಪೆನ್‌ಡ್ರೈವಿಗೆ ಹಾಕುವಾಗ ಯಾರೋ ಕೆಳಗಿನ ಸ್ಥಾಯಿಯನ್ನೆಲ್ಲ ಕತ್ತರಿಸಿ ತೆಗೆದಿದ್ದರು. ಇಲ್ಲದ ಸದ್ದನ್ನು ಯಾವ ಸಬ್‌ವೂಫರೂ ತಂದುಕೊಡುವುದಿಲ್ಲ. ಇದನ್ನು ನಾನು ಮೊದಲ ದಿನವೇ ನೋಡಬಹುದಿತ್ತು. ನೋಡಿರಲಿಲ್ಲ.

ಆಗ ನನಗೆ ಬಂದ ಯೋಚನೆಯನ್ನೂ ಹೇಳಬೇಕು. ಮೇಲಿನ ಸ್ವರಗಳನ್ನು ಆಧಾರವಾಗಿಟ್ಟುಕೊಂಡು ಕೆಳಗಿನ ಸ್ವರವನ್ನು ಹುಟ್ಟಿಸುವ ಸಾಫ್ಟ್‌ವೇರ್ ಇದೆ. ಲ್ಯಾಪ್‌ಟಾಪಿನಲ್ಲೇ ಇತ್ತು. ಹೆಡ್‌ಫೋನ್ ಹಾಕಿಕೊಂಡು ಹಾಡಿನ ಒಂದು ತುಂಡಿಗೆ ಹಚ್ಚಿ ನೋಡಿದೆ. ಪ್ರತಿ ಪೆಟ್ಟಿನ ಕೆಳಗೂ ದಪ್ಪನೆಯ ನಾದ ಬಂದು ಕೂತಿತು. ಕೇಳಲು ಚೆನ್ನಾಗಿಯೇ ಇತ್ತು. ಹೀಗೇ ಎಲ್ಲ ಹಾಡಿಗೂ ಮಾಡಿಕೊಟ್ಟರೆ ಮಧ್ಯಾಹ್ನದ ಬಸ್ಸಿಗೆ ಹೊರಡಬಹುದಿತ್ತು. ಸೊಂಟ ನೋಯುತ್ತಿತ್ತು. ಆದರೆ ಆ ಸಾಫ್ಟ್‌ವೇರಿಗೆ ನಾ ಯಾವುದು ಧಾ ಯಾವುದು ಎಂದು ಗೊತ್ತಿರಲಿಲ್ಲ. ಎಡಗೈ ಸುಮ್ಮನಿದ್ದ ಕಡೆಯೂ ಅದು ಬಾರಿಸುತ್ತಿತ್ತು. ಎದುರಿಗೆ ಕೂತವರು ಬೇಕೆಂದದ್ದು ಇನ್ನೊಬ್ಬರ ಎಡಗೈಯನ್ನಲ್ಲ, ತಮ್ಮದನ್ನು. ಹೆಡ್‌ಫೋನ್ ತೆಗೆದಿಟ್ಟೆ.

"ಮೇಷ್ಟ್ರೇ, ನಿಮ್ಮ ಎಡಗೈ ಈ ಪೆನ್‌ಡ್ರೈವಲ್ಲೇ ಇಲ್ಲ."

"ಇಲ್ಲ ಅಂದ್ರೆ? ನಾನು ಬಾರಿಸಿದೀನಲ್ಲ."

"ಬಾರಿಸಿದೀರಿ. ಇದಕ್ಕೆ ಹಾಕೋವಾಗ ತೆಗೆದುಬಿಟ್ಟವ್ರೆ."

ಸೊಸೆ ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು. "ಮೂಲ ಕ್ಯಾಸೆಟ್ಟು ಯಾರತ್ರ ಐತೆ?" ಎಂದು ನನಗಿಂತ ಮೊದಲು ಕೇಳಿದ್ದು ಅವಳೇ.

ಅದು ಹೊಳಲ್ಕೆರೆಯಲ್ಲಿತ್ತು. ಹಾಡಿನಲ್ಲಿದ್ದ ಹೆಣ್ಣು ಧ್ವನಿಯೇ ಅದರ ಒಡತಿ, ಮೇಷ್ಟ್ರು ತಬಲ ಬಾರಿಸುತ್ತಿದ್ದ ಕಂಪನಿಯಲ್ಲೇ ನಾಯಕಿಯ ಪಾತ್ರ ಮಾಡುತ್ತಿದ್ದ ನಟಿ. ಈಗ ಹೊಳಲ್ಕೆರೆಯಲ್ಲಿ ಮಗಳ ಜೊತೆ ಹೊಲಿಗೆ ಅಂಗಡಿ ನಡೆಸುತ್ತಿದ್ದರು. ಚಿತ್ರದುರ್ಗಕ್ಕೆ ವಾಪಸಾಗುವ ದಾರಿಯಲ್ಲೇ ಇಳಿದೆ. ವಿಷಯ ಹೇಳಿದಾಗ ಅವರು ಹೊಲಿಗೆ ಮಿಷಿನ್ನಿನ ಗಾಲಿ ಹಿಡಿದು ನಿಲ್ಲಿಸಿದರು.

"ಅದನ್ನ ತೆಗೆಸಿದ್ದು ನಾನೇ ಕಣಮ್ಮ. ಹಾಡಿನ ತುಂಬ ಗುಂಯ್ ಅಂತ ಒಂದು ಸದ್ದಿತ್ತು. ಪೆನ್‌ಡ್ರೈವಿಗೆ ಹಾಕಿಕೊಡೋ ಹುಡುಗರಿಗೆ ಹೇಳ್ದೆ, ಅದೊಂದು ತೆಗೀರಪ್ಪ, ನನ್ನ ದನಿ ಚೆನ್ನಾಗಿ ಬರ್ಲಿ ಅಂತ. ತೆಗೆದುಕೊಟ್ರು. ಎಲ್ಲರಿಗೂ ಒಂದೊಂದು ಪೆನ್‌ಡ್ರೈವ್ ಮಾಡಿಸಿ ಹಂಚಿದೆ." ಸ್ವಲ್ಪ ತಡೆದು, "ಅದರ ಜೊತೆ ಅವರ ಕೈಯೂ ಹೋಗ್ತೈತೆ ಅಂತ ನಂಗೇನು ಗೊತ್ತು" ಎಂದರು.

ಕ್ಯಾಸೆಟ್ಟನ್ನು ಹಳೆಯ ಬ್ಲೌಸ್ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. "ಜೋಪಾನ. ನನ್ನ ದನಿ ಅಂತ ಉಳ್ಕಂಡಿರೋದು ಇದೊಂದೇ."

ಅಂಗಡಿಗೆ ತಂದು ನೋಡಿದರೆ, ಟೇಪನ್ನು ಅದರ ಸದ್ದು ಓದುವ ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಫೆಲ್ಟಿನ ತುಂಡು ಕಳಚಿ ಬಿದ್ದಿತ್ತು. ಟೇಪಿನ ಅಂಚು ಒಂದೆಡೆ ಮುದುಡಿತ್ತು. ಇನ್ನೊಂದು ಕ್ಯಾಸೆಟ್ಟಿನ ಚಿಪ್ಪು ಬಿಚ್ಚಿ, ಎರಡೂ ಸುರುಳಿಗಳನ್ನು ಉಸಿರು ಬಿಗಿಹಿಡಿದು ಅದಕ್ಕೆ ಸಾಗಿಸಿದೆ. ಕೈ ಜಾರಿ ಒಂದು ಸುರುಳಿ ಬಿಚ್ಚಿಕೊಂಡರೆ ಹೊಳಲ್ಕೆರೆಗೆ ಹೋಗಿ ಏನು ಹೇಳುವುದು ಎಂಬ ಹೆದರಿಕೆ ಬೇರೆ. ಕ್ಯಾಸೆಟ್ ಡೆಕ್ಕಿನ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ, ಅದರ ಓರೆಯನ್ನು ಸರಿಮಾಡುವ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಹಾರ್ಮೋನಿಯಮ್ಮಿನ ಸದ್ದು ಬಿಚ್ಚಿಕೊಳ್ಳುವ ಜಾಗ ಹುಡುಕಿದೆ.

ಡಗ್ಗಾ ಇತ್ತು. ನಾಟಕ ನಡೆಯುವಾಗಲೇ ಮೈಕಿನ ಮಿಕ್ಸರಿನಿಂದ ನೇರವಾಗಿ ವೈರು ಎಳೆದು ರೆಕಾರ್ಡ್ ಮಾಡಿದ್ದರಿಂದ ಚೆನ್ನಾಗಿಯೇ ಇತ್ತು. ಅದಕ್ಕೆ ಅಂಟಿಕೊಂಡೇ ಆ ಗುಂಯ್ ಸದ್ದೂ ಇತ್ತು. ಅದೊಂದನ್ನೇ ತೆಗೆಯಲು ನೋಡಿದೆ. ಕರೆಂಟಿನ ಗುಂಯ್ ಆಗಿದ್ದರೆ ಒಂದೇ ಸ್ವರದಲ್ಲಿ ನಿಂತಿರುತ್ತದೆ, ಆ ಸ್ವರವನ್ನು ಮಾತ್ರ ಚುಚ್ಚಿ ತೆಗೆಯಬಹುದು. ಇದು ನಿಲ್ಲುತ್ತಿರಲಿಲ್ಲ. ಒಮ್ಮೆ ಕುಗ್ಗುತ್ತಿತ್ತು, ಮತ್ತೆ ಏರುತ್ತಿತ್ತು. ಹಿಡಿಯಹೋದರೆ ಡಗ್ಗಾದ ನಾದವೂ ಜೊತೆಗೆ ಕಿತ್ತು ಬರುತ್ತಿತ್ತು. ಇಡೀ ದಿನ ಅದರಲ್ಲೇ ಕಳೆದು, ಕೊನೆಗೆ ಕೈಬಿಟ್ಟೆ. ಏನನ್ನೂ ತೆಗೆಯದೆ, ಇದ್ದದ್ದನ್ನು ಇದ್ದ ಹಾಗೆ ಪೆನ್‌ಡ್ರೈವಿಗೆ ಹಾಕಿದೆ. ಮೇಷ್ಟ್ರು ಬೇಡ ಅಂದರೆ ನನ್ನಿಂದ ಮುಂದೇನೂ ಆಗುವುದಿಲ್ಲ ಎಂದು ಹೇಳಿ ಬರುವುದೆಂದು ತೀರ್ಮಾನಿಸಿದ್ದೆ. ಕ್ಯಾಸೆಟ್ಟನ್ನು ದಾರಿಯಲ್ಲಿ ಹೊಳಲ್ಕೆರೆಯಲ್ಲಿ ಒಪ್ಪಿಸಿ ಶ್ರೀರಾಂಪುರಕ್ಕೆ ಹೋದೆ.

ಸೊಸೆ ಆಗತಾನೇ ಡ್ಯೂಟಿಯಿಂದ ಬಂದಿದ್ದಳು. "ನೀವು ಮಲಗ್ರಿ. ಸದ್ದಾದ್ರೆ ಗೋಡೆ ತಟ್ರಿ, ಅಲ್ಲಿಗೆ ನಿಲ್ಲಿಸ್ತೀನಿ" ಎಂದೆ. ಆಕೆ ನಂಬಿಕೆಯಿಲ್ಲದ ಮುಖದಲ್ಲೇ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಹಾಡು ಶುರುವಾಗುವ ಮೊದಲೇ ಗುಂಯ್ ಬಂತು. ಕೋಣೆಯ ನೆಲದಿಂದ ಎದ್ದು ಬಂದಂತೆ. ನಾನು ಮೇಷ್ಟ್ರ ಮುಖ ನೋಡಿದೆ, ಕ್ಷಮೆ ಕೇಳಲು ಬಾಯಿ ತೆರೆದೆ.

"ಜನರೇಟರು" ಎಂದರು ಅವರು.

"ಏನ್ರಿ?"

"ಸ್ಟೇಜಿನ ಹಿಂದೆ ನಿಲ್ಲಿಸ್ತಿದ್ರು, ನನ್ನ ಬೆನ್ನಿಗೇ. ಈಗ ನೋಡ್ರಿ, ಲೈಟೆಲ್ಲ ಒಟ್ಟಿಗೆ ಹಾಕ್ತಾರೆ. ಕುಗ್ತೈತೆ."

ಗುಂಯ್ ಕುಗ್ಗಿತು. ಮತ್ತೆ ಚೇತರಿಸಿಕೊಂಡಿತು. ಅಷ್ಟರಲ್ಲಿ ತಬಲ ಬಂತು. ಧಾ. ತಡವಿಲ್ಲದೆ, ತುಂಬಿಕೊಂಡು, ಕೆಳಗಿಂದ ಮೇಲಕ್ಕೆ ಬಾಗುತ್ತ. ನಾನು ಗೋಡೆಯ ಕಡೆ ಕಿವಿ ಕೊಟ್ಟೆ. ಯಾರೂ ತಟ್ಟಲಿಲ್ಲ.

ಮೇಷ್ಟ್ರ ಬಲಗೈ ಕುರ್ಚಿಯ ತೋಳಿನ ಮೇಲೆ ಬಾರಿಸುತ್ತಿತ್ತು. ಎಡಗೈ ತೊಡೆಯ ಮೇಲೆ ಹಾಗೆಯೇ ಇತ್ತು. ಅವರು ಅದನ್ನು ನೋಡುತ್ತಿರಲಿಲ್ಲ, ಕಣ್ಣು ಮುಚ್ಚಿದ್ದರು. ಒಂದು ಹಾಡು ಮುಗಿದು ಇನ್ನೊಂದು ಶುರುವಾಯಿತು. ಅದು ನಿಧಾನದ ಹಾಡು. ಡಗ್ಗಾ ಇನ್ನೂ ಗಾಢವಾಗಿ ಕೇಳುತ್ತಿತ್ತು. ಹಾಡಿನ ನಡುವೆ ಅವರ ಬಲಗೈ ನಿಂತಿತು. ಹುಬ್ಬು ಗಂಟಿಕ್ಕಿತು. ಏನೋ ಕೆಟ್ಟಿತೆಂದು ನಾನು ಎದ್ದೆ.

"ಇಷ್ಟು ಜೋರಾಗಿ ಬಾರಿಸ್ತಿದ್ನಾ ನಾನು?"

ಸೆಟ್ಟಿಂಗ್ ಜಾಸ್ತಿಯಾಗಿರಬಹುದು ಎಂದೆ. ಅವರು ತಲೆಯಾಡಿಸಿದರು.

"ಸೆಟ್ಟಿಂಗ್ ಅಲ್ಲ. ಕೇಳ್ರಿ, ಆಯಮ್ಮ ಇಲ್ಲಿ ಮೆಲ್ಲಗೆ ಇಳಿಸ್ತಾಳೆ ದನಿನ. ನಾನು ಮೇಲೆ ಬಿದ್ದು ಬಾರಿಸ್ತಿದೀನಿ. ಜನ ಶಿಳ್ಳೆ ಹೊಡೀತಿದ್ರು, ನಂಗೆ ಅದೇ ಕೇಳ್ತಿತ್ತು. ಅವಳು ಎಷ್ಟು ಕಷ್ಟಪಟ್ಟು ಹಾಡಿರ್ಬೇಕು."

ಹಾಡನ್ನು ಮತ್ತೆ ಮೊದಲಿಂದ ಹಾಕಲು ಹೇಳಿದರು, ಹಾಕಿದೆ. ಅವರು ಕುರ್ಚಿಯಲ್ಲೇ ಎಡಕ್ಕೆ ತಿರುಗಿ, ಬಲಗೈಯನ್ನು ಮೈಗೆ ಅಡ್ಡವಾಗಿ ಚಾಚಿ, ಡಬ್ಬದ ಹಿಂದಿನ ಗುಬುಟಿಗಾಗಿ ತಡಕಾಡಿದರು. ನಾನು ನೆರವಿಗೆ ಹೋದಾಗ ಬೇಡವೆಂದು ತಲೆಯಲ್ಲೇ ಸನ್ನೆ ಮಾಡಿದರು. ಬೆರಳಿಗೆ ಗುಬುಟು ಸಿಕ್ಕಿತು. ಸ್ವಲ್ಪ ಇಳಿಸಿದರು. ಕೇಳಿ ನೋಡಿ, ಇನ್ನೂ ಒಂಚೂರು ಇಳಿಸಿದರು. ಡಗ್ಗಾ ಹೋಗಲಿಲ್ಲ, ಹಿಂದಕ್ಕೆ ಸರಿದು ಕೂತಿತು. ಅದರ ಮೇಲೆ ಆ ಹೆಂಗಸಿನ ದನಿ ಎದ್ದು ಬಂತು.

"ಈಗ ಹಾಡಮ್ಮ" ಎಂದು ಮೆಲ್ಲಗೆ ಹೇಳಿ, ಮೇಷ್ಟ್ರು ಕುರ್ಚಿಗೆ ಒರಗಿದರು.